ಸಾವ್ಕಾರ್ರ ಗೇಟಿನಲ್ಲಿ ನಿಲ್ಲುವ ಬಸ್ಸು

ಬದುಕಿರುವ ನಾಯಕರ ಮೇಲೆ ನನಗೆ ಅಂಥ ಸಿಟ್ಟೇನಿಲ್ಲ. ಅವರನ್ನು ಎದುರಿಗೇ ಬೈಯಬಹುದು, ಐದು ವರ್ಷ ಕಾದರೆ ಮನೆಗೂ ಕಳಿಸಬಹುದು. ನನ್ನ ಜಗಳವೆಲ್ಲ ಸತ್ತವರ ಜೊತೆ. ಹಂಪಿಯ ಅರಸರ ತಂಟೆಗೆ ಮಾತ್ರ ನಾನು ಹೋಗುವುದಿಲ್ಲ. ಅವರು ತೋಡಿಸಿದ ಕಾಲುವೆಯ ನೀರಿನಲ್ಲೇ ನಮ್ಮ ಭತ್ತ ಬೆಳೆಯುತ್ತದೆ, ಉಂಡ ಮನೆಗೆ ಎರಡು ಬಗೆಯುವವಳು ನಾನಲ್ಲ. ನಾನು ಹೇಳಹೊರಟದ್ದು ನಮ್ಮೂರಿನ ಸಾವ್ಕಾರ್ರ ಬಗ್ಗೆ.

ನಮ್ಮೂರು ಬುಕ್ಕಸಾಗರದ ಹತ್ತಿರ, ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿದೆ. ನಾನು ಮದುವೆಯಾಗಿ ಬರುವುದಕ್ಕೆ ಎಷ್ಟೋ ವರ್ಷ ಮೊದಲು, ಊರಿಗೆ ಬಸ್ಸೇ ಇಲ್ಲದ ಕಾಲದಲ್ಲಿ, ಸಾವ್ಕಾರ್ರು ಕಚೇರಿಗಳಿಗೆ ಅಲೆದು ಬಸ್ಸು ತರಿಸಿದರಂತೆ. ತರಿಸಿದವರು ತಮ್ಮ ಗೇಟಿನ ಎದುರೇ ನಿಲ್ಲಿಸಿಕೊಂಡರು, ಅದು ನ್ಯಾಯವೇ. ಆಮೇಲೆ ಸಾವ್ಕಾರ್ರು ತೀರಿಕೊಂಡರು, ಮಕ್ಕಳು ಜಮೀನು ಮಾರಿ ಹೋದರು, ಮನೆ ಬಿತ್ತು, ಗೇಟು ಗುಜರಿಗೆ ಹೋಯಿತು. ಊರು ಕೂಡ ಕಾಲುವೆಯ ಕಡೆಗೆ ಬೆಳೆಯುತ್ತ ಅಲ್ಲಿಂದ ದೂರ ಸರಿಯಿತು. ಆದರೆ ಬಸ್ಸು ಮಾತ್ರ ನಮ್ಮ ಮನೆಗಳ ಮುಂದೆಯೇ ಭರ್ರನೆ ಹಾದು, ಊರಾಚೆ ಉಳಿದಿದ್ದ ಎರಡು ಕಲ್ಲುಕಂಬಗಳ ಮುಂದೆ ಭಕ್ತಿಯಿಂದ ನಿಲ್ಲುತ್ತಿತ್ತು. ಹೊಸಪೇಟೆಯ ಕಚೇರಿಗೆ ಹೋಗುವ ನಾನು ದಿನಾ ಕಾಲು ಗಂಟೆ ಕಂಪ್ಲಿ ದಿಕ್ಕಿಗೆ ನಡೆದು, ಕಂಪ್ಲಿಯಿಂದ ಬರುವ ಬಸ್ಸಿನಲ್ಲಿ ಕೂತು ನಮ್ಮ ಮನೆಯ ಮುಂದೆಯೇ ವಾಪಸು ಹೋಗುತ್ತಿದ್ದೆ. ದೋಸೆ ಹೆಂಚಿನ ಮೇಲಿದೆಯೋ ಇಳಿಯಿತೋ ಎಂಬುದೂ ಕಿಟಕಿಯಿಂದ ಕಾಣುತ್ತಿತ್ತು.

ತ್ರಾಸು ನನ್ನ ಕಾಲಿಗಷ್ಟೇ ಆಗಿದ್ದರೆ ಹೇಗೋ ಸಹಿಸುತ್ತಿದ್ದೆ. ಆದರೆ ಮಂಡಿನೋವಿನ ನಮ್ಮತ್ತೆ ಆ ದೂರ ನಡೆಯಲಾರದೆ, ಕಂಪ್ಲಿಯಲ್ಲಿರುವ ತಂಗಿಯ ಮುಖ ನೋಡಿ ಎರಡು ವರ್ಷವಾಗಿತ್ತು. ಫೋನಿನಲ್ಲಿ ಇಬ್ಬರೂ ಮಾತಿಗಿಂತ ಹೆಚ್ಚು ಮೂಗು ಒರೆಸಿಕೊಳ್ಳುತ್ತಿದ್ದರು. ಬಸ್ಸನ್ನು ಊರೊಳಗೆ ನಿಲ್ಲಿಸಿಯೇ ತೀರುತ್ತೇನೆಂದು ಸೆರಗು ಬಿಗಿದೆ.

ಕಂಡಕ್ಟರ್ ನಕ್ಕ. "ಸ್ಟಾಪು ಸಾವ್ಕಾರ್ರ ಗೇಟ್ ಐತ್ರಿ ಮೇಡಂ. ಇಲ್ಲಿ ಹೆಂಗ್ ನಿಂದ್ರಸ್ಲಿ?"

"ಗೇಟ್ ಎಲ್ಲೈತಪ್ಪಾ ಅಲ್ಲಿ?" ಅಂದೆ.

"ಗೇಟ್ ಇಲ್ರೀ, ಸ್ಟಾಪ್ ಐತಿ" ಅಂದ.

ಅತ್ತೆ ಇನ್ನೂ ಕಠಿಣ. "ಆ ಪುಣ್ಯಾತ್ಮ ಇರ್ಲಿಲ್ಲಂದ್ರ ಈ ಊರಿಗೆ ಬಸ್ಸ ಬರ್ತಿದ್ದಿಲ್ಲ. ಅವ್ರು ನಿಂದ್ರಿಸಿದ್ದು ಬದ್ಲಿ ಮಾಡಾಕ ನೀ ಯಾರವಾ?" ಎಂದು ಮಂಡಿಗೆ ಎಣ್ಣೆ ತಿಕ್ಕುತ್ತಲೇ ಕೇಳಿದರು.

ಅರ್ಜಿ ಬರೆದು ಮನೆಮನೆಗೆ ಹೋದೆ. ಎಲ್ಲರೂ ಸಹಿ ಹಾಕಿದರು, ಎಲ್ಲರೂ ಒಂದೇ ಮಾತು ಹೇಳಿದರು: "ಹೆಸ್ರು ಮಾತ್ರ ತೆಗೀಬ್ಯಾಡ್ರಿ." ಸಾವ್ಕಾರ್ರನ್ನು ಕಣ್ಣಿಂದ ಕಂಡಿರದ ಹುಡುಗರೂ ಹಾಗೇ ಅಂದರು. ಅರ್ಧರ್ಧ ದಿನ ರಜೆ ಹಾಕಿ ಬಸ್ಸಿನ ಕಚೇರಿಗೆ ಅಲೆದೆ. ಸಾಹೇಬರು ನೋಡೋಣ ಅಂದರೆ, ಅಲ್ಲೇ ಕೂತು ನೋಡುತ್ತಿದ್ದೆ. ಕೊನೆಗೆ ಅವರಿಗೇ ಬೇಸರವಾಗಿ ಒಪ್ಪಿದರು. ಊರೊಳಗೆ ಎಲ್ಲಿ ಎಂದು ಕೇಳಿದಾಗ, ವಿಶಾಲವಾದ ಜಾಗವೆಂದು ನಮ್ಮ ಮನೆಯ ಮುಂಭಾಗವನ್ನು ಸೂಚಿಸಿದೆ. ಊರಿನ ಹಿತಕ್ಕಾಗಿ ಅಷ್ಟು ತ್ಯಾಗ ಮಾಡಲೇಬೇಕಲ್ಲ!

ಮೊದಲ ದಿನ ಕಂಪ್ಲಿಯ ಬಸ್ಸು ನಮ್ಮ ಬಾಗಿಲಿಗೆ ಬಂದು ನಿಂತಿತು. ತಂಗಿಯ ಮನೆಗೆ ಕರೆದೊಯ್ಯೋಣವೆಂದರೆ ಅತ್ತೆಯೇ ಇಲ್ಲ! ಮುಂದೆ ಹೋಗಿರಬೇಕೆಂದು ಒಬ್ಬಳೇ ಹತ್ತಿದೆ. ನೋಡಿದರೆ ಕಲ್ಲುಕಂಬದ ಬುಡದಲ್ಲಿ ಇಳಕಲ್ ಸೀರೆ ಉಟ್ಟು, ಬುತ್ತಿಗಂಟು ಹಿಡಿದು ಕೂತಿದ್ದಾರೆ. ಬೆಳಕು ಹರಿಯುವ ಮೊದಲೇ ನನ್ನ ಮಗಳ ಕೈ ಹಿಡಿದು, ಕೂತು ಎದ್ದು ನಡೆದು ಬಂದರಂತೆ. ಸುತ್ತ ಅರ್ಧ ಊರೇ ನಿಂತಿತ್ತು. ಡ್ರೈವರ್ ಕೂಡ ರೂಢಿಯಂತೆ ಬ್ರೇಕು ಒತ್ತಿದ. "ಬಸ್ಸು ನಮ್ಮನಿ ಮುಂದನ ನಿಂತಿತ್ತಲ್ರೀ ಅತ್ತೀ!" ಅಂದೆ. "ನಿಂತೀತವಾ. ನಂಬೂದು ಹೆಂಗ?" ಅಂದರು.

ಕಂಪ್ಲಿಯಲ್ಲಿ ಅಕ್ಕತಂಗಿ ತಬ್ಬಿಕೊಂಡಾಗ ನನ್ನ ಕಣ್ಣೂ ತುಂಬಿತು. ಸಂಜೆ ನಮ್ಮ ಬಾಗಿಲಲ್ಲೇ ಇಳಿದ ಅತ್ತೆ ಕಟ್ಟೆಯ ಮೇಲೆ ಕೂತು, "ಭಾಳ ಚಲೋ ಆತು. ಆದ್ರ ಸಾವ್ಕಾರ್ರು ಏನಂದ್ಕಂತಾರೋ" ಎಂದು ಕಂಬದ ದಿಕ್ಕಿಗೆ ಕೈ ಮುಗಿದರು.

ಕಾಗದದಲ್ಲಿ ಸಾವ್ಕಾರ್ರ ಗೇಟ್ ಎಂದೇ ಉಳಿದರೂ, ಈಗ ನಮ್ಮ ಮನೆಯ ಮುಂದಿನ ಜಾಗಕ್ಕೆ ಜನರ ಬಾಯಲ್ಲಿ 'ಮೇಡಂ ಮನಿ ಸ್ಟಾಪ್' ಎಂದೇ ಹೆಸರು. ಕಂಡಕ್ಟರ್ ಹಾಗೆ ಕೂಗಿದಾಗಲೆಲ್ಲ ನಾನು ಸುಮ್ಮನೆ ಸೆರಗು ಸರಿಮಾಡಿಕೊಳ್ಳುತ್ತೇನೆ. ಹೋದ ತಿಂಗಳು, ಊರಿನ ಹೊಸ ಮನೆಗಳ ಕಡೆಯ ಸೊಸೆಯೊಬ್ಬಳು ಕೂಸನ್ನು ಸೊಂಟಕ್ಕೇರಿಸಿಕೊಂಡು ಬಂದು, "ಮೇಡಂ, ಬಸ್ಸು ನಮ್ಮ ಕಡೆ ನಿಂತ್ರ ಚಲೋ ಆಕ್ಕಿತ್ರಿ. ಬಿಸ್ಲಾಗ ಕೂಸಿನ್ನ ಎತ್ಕೊಂಡು ಬರೂದು ಭಾಳ ತ್ರಾಸ" ಅಂದಳು.

"ಹಂಗೆಲ್ಲ ಬದ್ಲಿ ಮಾಡಾಕ ಬರಂಗಿಲ್ಲವಾ. ಮೊದ್ಲಿಂದ ಇಲ್ಲೇ ನಿಂದ್ರತೈತಿ" ಎಂದುಬಿಟ್ಟೆ. ಒಳಗೆ ಅಕ್ಕಿ ಆರಿಸುತ್ತಿದ್ದ ಅತ್ತೆ ಕಿಸಕ್ಕನೆ ನಕ್ಕಿದ್ದು ಕೇಳಿಸಿತು.

ಆ ಹುಡುಗಿ ಬಿಡುವವಳಲ್ಲ. ನಿನ್ನೆ ಅರ್ಜಿ ಹಿಡಿದು ಸಹಿಗೆಂದು ನಮ್ಮ ಬಾಗಿಲಿಗೇ ಬಂದಳು. ಬಿಸಿಲಿಗೆ ಕೂಸಿನ ಮುಖ ಕೆಂಪಾಗಿತ್ತು. ಪೆನ್ನು ತಂದು ಸಹಿ ಹಾಕಿದೆ. ಕಾಗದ ಕೊಡುವಾಗ ಮಾತ್ರ ಬಾಯಿ ಕೇಳಲಿಲ್ಲ.

"ಹೆಸ್ರು ಮಾತ್ರ ತೆಗೀಬ್ಯಾಡವಾ" ಅಂದೆ.