ಕೇಳದ ಕ್ಯಾಸೆಟ್ಟಿಗೆ ಕೆಂಪು ನೂಲು

ನನಗೆ ಮಾತು ಜಾಸ್ತಿ. ಬೇರೆಯವರು ಹೇಳುವ ಮೊದಲು ನಾನೇ ಒಪ್ಪಿಕೊಂಡುಬಿಡುವುದು ಮರ್ಯಾದೆ. ಎಂಬತ್ತರ ದಶಕದಲ್ಲಿ ಮಣಿಪಾಲದ ಸಣ್ಣ ವರ್ಕ್‌ಶಾಪೊಂದರಲ್ಲಿ, ಮೀನಿನ ಐಸ್ ಪ್ಲಾಂಟುಗಳ ಉಷ್ಣತೆ ದಾಖಲಿಸುವ ಯಂತ್ರಕ್ಕೆ ಪ್ರೋಗ್ರಾಂ ಬರೆಯುತ್ತಿದ್ದೆ. ಅದರ ನೆನಪಿನಲ್ಲಿ ಎಂಟು ಖಾನೆಗಳು. ಯಂತ್ರ ಒಂದೊಂದಾಗಿ ಅಂಕಿ ತುಂಬುತ್ತ ಹೋಗುತ್ತದೆ, ಪ್ರಿಂಟರ್ ಅದರ ಬೆನ್ನಿಗೇ ಓದುತ್ತ ಬರುತ್ತದೆ. ಎಂಟು ಮುಗಿದರೆ ಮತ್ತೆ ಒಂದರಿಂದ ಸುತ್ತು. ಪ್ರಿಂಟರ್ ಸ್ವಲ್ಪ ತೂಕಡಿಸಿತೋ, ಓದದ ಅಂಕಿಯ ಮೇಲೆಯೇ ಹೊಸದು ಬಂದು ಕೂರುತ್ತದೆ. ಹಳೆಯದು ಹೋದದ್ದು ಯಾರಿಗೂ ಗೊತ್ತಾಗುವುದಿಲ್ಲ. ಅದನ್ನು ಪತ್ತೆ ಹಚ್ಚುವುದು ಹೇಗೆಂಬುದೇ ನನ್ನ ತಲೆನೋವು. ಬೆಳ್ಮಣ್ ಬಸ್ಸಿನ ಕಂಡಕ್ಟರನಿಗೂ ಇದನ್ನು ವಿವರಿಸಿದ್ದೆ. ಆಮೇಲೆ ನಾನು ಮುಂದಿನ ಬಾಗಿಲಲ್ಲಿ ಹತ್ತಿದರೆ ಅವನು ಹಿಂದಿನ ಬಾಗಿಲಿಗೆ ಹೋಗುತ್ತಿದ್ದ.

ಬೆಳ್ಮಣ್ಣಿನಲ್ಲಿ ನಾನಿದ್ದದ್ದು ತಂಗಿ ಸುನಂದಳ ಮನೆಯಲ್ಲಿ. ಮದುವೆಯಾದ ಎರಡೇ ತಿಂಗಳಿಗೆ ಭಾವ ಗಲ್ಫಿಗೆ ಹೋಗಿದ್ದರು. ಮನೆಯಲ್ಲಿ ಫೋನಿಲ್ಲ. ಐದು ಕ್ಯಾಸೆಟ್‌ಗಳು ರಜೆಗೆ ಬಂದು ಹೋಗುವವರ ಕೈಯಲ್ಲಿ ಓಡಾಡುತ್ತಿದ್ದವು. ಇವಳು ಮಾತಾಡಿ ಕಳಿಸುವಳು, ಅವರು ಕೇಳಿ ಅದರ ಮೇಲೆಯೇ ಮಾತಾಡಿ ಕಳಿಸುವರು. ಒಮ್ಮೆ ತಂಗಿ ಅತ್ತೆಯನ್ನು ನೋಡಲು ಕಾರ್ಕಳಕ್ಕೆ ಹೋಗಿದ್ದಾಗ, ಶಿರ್ವಕ್ಕೆ ರಜೆಯಲ್ಲಿ ಬಂದವರೊಬ್ಬರು ಒಂದು ಕ್ಯಾಸೆಟ್ ತಂದುಕೊಟ್ಟರು. ಅದನ್ನು ಹಳೆಯವುಗಳ ಡಬ್ಬಕ್ಕೇ ಹಾಕಿದೆ. ಮರುದಿನ ಭಾವನಿಗೆ ನಾನೂ ನಾಲ್ಕು ಮಾತು ಹೇಳೋಣವೆಂದು ಡಬ್ಬದಲ್ಲಿ ಕೈಗೆ ಸಿಕ್ಕಿದ್ದನ್ನು ಟೇಪ್‌ರೆಕಾರ್ಡರಿಗೆ ಹಾಕಿ, ಓದದ ಅಂಕಿ ಅಳಿಸಿಹೋಗದಂತೆ ಕಾಯುವುದು ಎಷ್ಟು ಕಷ್ಟ ಎಂದು ಅರ್ಧ ಗಂಟೆ ವಿವರಿಸಿದೆ.

ಸಂಜೆ ಬಂದ ತಂಗಿ, ಹೊಸ ಕ್ಯಾಸೆಟ್ ಬಂದಿದೆ ಎಂದು ನಾನು ಹೇಳಿದ್ದೇ, ಚಪ್ಪಲಿ ಬಿಡುವ ಮೊದಲೇ ಅದನ್ನು ಹುಡುಕಿ ಹಾಕಿದಳು.

"ಎಂತ ಅಣ್ಣ, ಇದರಲ್ಲಿ ಪೂರಾ ನಿನ್ನ ಮಾತೇ ಉಂಟಲ್ಲ?"

ಡಬ್ಬದಲ್ಲಿ ನನ್ನ ಕೈಗೆ ಸಿಕ್ಕಿದ್ದು ಆ ಹೊಸ ಕ್ಯಾಸೆಟ್ಟೇ ಎಂದು ಆಗ ಗೊತ್ತಾಯಿತು. ಅವಳು ಬೈಯಲಿಲ್ಲ, ಕೊನೆಯವರೆಗೂ ಕೇಳಿದಳು. ನನ್ನ ಉಪನ್ಯಾಸ ಟಕ್ಕೆಂದು ನಿಂತ ಮೇಲೆ ಅಳಿಯದೆ ಉಳಿದಿದ್ದ ಭಾವನ ದನಿ ಬಂತು: "...ಆಯ್ತು ಮಾರಾಯ್ತಿ, ಇದನ್ನು ಅಣ್ಣನ ಎದುರು ಹಾಕಬೇಡ."

ಅಷ್ಟೇ. ತಂಗಿ ನಕ್ಕಳು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಎರಡು ತಿಂಗಳು ಕಾದಿದ್ದ ಮಾತನ್ನು ನಾನು ನುಂಗಿಹಾಕಿದ್ದೆ. ಅಷ್ಟು ನಾಚಿಕೆ, ಅಷ್ಟು ಸಂಕಟ ನನಗೆ ಹಿಂದೆಂದೂ ಆಗಿರಲಿಲ್ಲ.

ಅಂದಿನಿಂದ ಮನೆಗೆ ಬಂದ ಕ್ಯಾಸೆಟ್ಟಿಗೆ ಕೂಡಲೇ ಕೆಂಪು ನೂಲು ಕಟ್ಟಬೇಕು, ಅವಳು ಕೇಳಿದ ಮೇಲೆ ಬಿಚ್ಚಬೇಕು ಎಂದಾಯಿತು. "ನೂಲು ಇದ್ದರೆ ಮುಟ್ಟಬೇಡ. ಅಷ್ಟೇ ಅಲ್ವಾ?" ಎಂದಳು. ಅಷ್ಟೇ! ಮರುದಿನವೇ ನಾನು ಪ್ರತಿ ಖಾನೆಗೂ ಒಂದು ಗುರುತು ಕೊಟ್ಟೆ: ಬರೆದರೆ ಒಂದು, ಓದಿದರೆ ಸೊನ್ನೆ. ಒಂದು ಇರುವಲ್ಲಿ ಮತ್ತೆ ಬರೆಯಹೋದರೆ ಕೆಂಪು ದೀಪ ಉರಿಯಬೇಕು. ವರ್ಕ್‌ಶಾಪಿನವರೆಲ್ಲ ಬೆನ್ನು ತಟ್ಟಿದರು. ತಂಗಿಯ ಹೆಸರು ಹೇಳಲು ಮಾತ್ರ ಈ ಮಾತುಗಾರನಿಗೆ ಮಾತು ಬರಲಿಲ್ಲ.

ಮುಂದಿನ ವರ್ಷ ಭಾವ ರಜೆಯಲ್ಲಿ ಬಂದರು. ಮಧ್ಯಾಹ್ನದ ಊಟವಾದದ್ದೇ, ದೀಪದ ಕಥೆ ಹೇಳಲು ನಾನು ಕುರ್ಚಿ ಎಳೆದುಕೊಂಡು ಕೂತೆ. ತಂಗಿ ಮೆಲ್ಲಗೆ ಕೇಳಿದಳು, "ಆ ಕ್ಯಾಸೆಟ್ಟಿನಲ್ಲಿ ಎಂತ ಹೇಳಿದ್ದು ನೀವು?"

ಭಾವ ನನ್ನ ಕಡೆ ನೋಡಿದರು. ತಂಗಿಯೂ ನೋಡಿದಳು. ದೀಪ ಉರಿಯದಿದ್ದರೂ ನನಗೆ ಗೊತ್ತಾಯಿತು. ಕೊಡೆ ತೆಗೆದುಕೊಂಡು ಹೊರಟೆ, ಕಥೆಯ ಉಳಿದ ಭಾಗವನ್ನು ಕಂಡಕ್ಟರನಿಗೆ ಹೇಳಲು.