ಹುಟ್ಟದ ಮೊಮ್ಮಗುವಿನ ಹಲ್ಲು

ಇಪ್ಪತ್ತೆಂಟು ವರ್ಷಗಳಿಂದ ನಾನು ಕಟ್ಟುಹಲ್ಲು ತಯಾರಿಸುತ್ತಿದ್ದೇನೆ. ಊರಿನ ಅರ್ಧ ನಗು ನನ್ನ ಕೈಕೆಲಸ. ಆದರೂ ಮನೆಯಲ್ಲಿ ಹಲ್ಲಿನ ವಿಷಯಕ್ಕೆ ನನ್ನ ಮಾತು ಕವಡೆಗೂ ಬಾಳದು. ("ನಿಮ್ಮ ಪಾಂಡಿತ್ಯ ಬೇರಿಲ್ಲದ ಹಲ್ಲಿಗೆ ಮಾತ್ರ" ಎನ್ನುತ್ತಾಳೆ ಹೆಂಡತಿ.)

ಬಸುರಿ ಮಗಳಿಗೆ ಈಗ ಐದು ತಿಂಗಳು. ನನ್ನ ಕಾರ್ಯಾಗಾರದಲ್ಲೇ, ಪಕ್ಕದ ಮೇಜಿನಲ್ಲೇ ಅವಳ ಕೆಲಸ. ಒಂದು ಮಧ್ಯಾಹ್ನ ಅಚ್ಚು ಕೆರೆಯುತ್ತಾ ಕೇಳಿದಳು:

"ಅಪ್ಪಾ, ಮಗೂಗೂ ನನ್ನ ಥರದ್ದೇ ಹಲ್ಲು ಬಂದ್ರೆ?"

ಅವಳ ಹಲ್ಲಿನ ಹೊರಕವಚ ಮೊದಲಿನಿಂದಲೂ ತೆಳು. ಶಾಲೆಯಲ್ಲಿ ನಗು ಬಂದಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಈಗಲೂ ಹಿಡಿಯುತ್ತಾಳೆ.

ನಾನು ಟೊಂಕ ಕಟ್ಟಿದೆ. ವೃತ್ತಿಪತ್ರಿಕೆಗಳ ಸಮುದ್ರಮಥನ ಮಾಡಿದೆ. ಹಲ್ಲಿನ ಮೊಳಕೆ ಆರೇಳನೇ ವಾರಕ್ಕೇ ಹೊರಡುತ್ತದಂತೆ, ನಾಲ್ಕನೇ ತಿಂಗಳಿಂದ ಗಟ್ಟಿಯಾಗತೊಡಗುತ್ತದಂತೆ. ತಾಯಿ ತಿನ್ನುವ ಕೊಬ್ಬು ಎಂಥದ್ದು ಎಂಬುದು ಅದಕ್ಕೂ ತಟ್ಟಬಹುದೆಂದು ಯಾವುದೋ ಪ್ರಯೋಗದಲ್ಲಿ ಕಂಡಿದೆಯಂತೆ. ಕೂಡಲೇ ಒಳ್ಳೆಯ ಕೊಬ್ಬಿರುವ ಮೀನೆಣ್ಣೆ, ಅಕ್ರೋಟು, ಅಗಸೆಬೀಜ ತಂದೆ.

ಆದರೆ ನಮ್ಮ ಕಸುಬಿಗೊಂದು ಧರ್ಮವಿದೆ: ಮೊದಲು ಮೇಣದಲ್ಲಿ ಹಲ್ಲು ಕೂರಿಸಿ ನೋಡದೆ ಅಸಲಿಗೆ ಕೈ ಹಾಕುವಂತಿಲ್ಲ. ಆದ್ದರಿಂದ ಎಲ್ಲವೂ ಮೊದಲು ನನ್ನ ಹೊಟ್ಟೆಯಲ್ಲಿ ಪರೀಕ್ಷೆಯಾಗತಕ್ಕದ್ದು! ಒಂದೊಂದಕ್ಕೂ ಒಂದು ವಾರ. ಮಗಳ ಡ್ರಾಯರಿನಿಂದ ಜಪ್ತಿ ಮಾಡಿದ ಚಿಪ್ಸ್, ಬೆಣ್ಣೆ ಬಿಸ್ಕತ್ತುಗಳೂ ಒಳಗೆ ಹೋದವು. (ಹೋಲಿಕೆಗಾಗಿ. ವಿಜ್ಞಾನ ಬಹಳ ಕಠಿಣ.)

"ಆ ಪ್ರಯೋಗ ಮಾಡಿರೋದು ಇಲಿಗಳ ಮೇಲಂತೆ, ನಾನೂ ಓದ್ದೆ" ಎಂದಳು ಹೆಂಡತಿ. "ನನ್ನ ಮಗಳೇನು ಇಲೀನಾ?"

"ಹಾಗಂತ ಸುಮ್ನೆ ಕೂತಿರಕ್ಕಾಗುತ್ತಾ?"

"ಅವಳು ನನ್ನ ಹೊಟ್ಟೇಲಿದ್ದಾಗ ಕೂತಿದ್ರಲ್ಲ!"

ಆ ವರ್ಷ ಕಾರ್ಯಾಗಾರ ಹೊಸದು. ಯಾರ ದವಡೆ ಎಷ್ಟು ಅಗಲವಿತ್ತೆಂದು ಇಂದಿಗೂ ಹೇಳಬಲ್ಲೆ. ಹೆಂಡತಿಯ ತಟ್ಟೆಯಲ್ಲಿ ಏನಿತ್ತೆಂದು ಎಷ್ಟು ತಡಕಿದರೂ ನೆನಪಾಗಲಿಲ್ಲ.

"ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ವೋ, ಯಾರಿಗ್ಗೊತ್ತು?" ಅವಳ ದನಿ ತಗ್ಗಿತು. "ಮುಖ ಸಣ್ಣ ಮಾಡ್ಕೋಬೇಡಿ. ನಾಳೆ ಡಾಕ್ಟರನ್ನೇ ಕೇಳಿ."

ಡಾಕ್ಟರಮ್ಮ ಶಾಂತವಾಗಿ ಕೇಳಿಸಿಕೊಂಡರು. "ಮೀನು, ಅಕ್ರೋಟು ಹಿತಮಿತವಾಗಿ ತಿನ್ಲಿ. ಕರಿದಿದ್ದು ಕಡಿಮೆ ಇರ್ಲಿ. ಹಲ್ಲು ಗಟ್ಟಿ ಬಂದೇ ಬರುತ್ತೆ ಅಂತ ಮಾತ್ರ ಯಾರೂ ಬರ್ಕೊಡಲ್ಲ. ಈ ಮೂರು ವಾರದಲ್ಲಿ ಎಷ್ಟು ತಿಂದಿದಾಳೆ?"

"ಒಂದೂ ಇಲ್ಲ ಮೇಡಂ" ಎಂದಳು ಮಗಳು. "ಅಪ್ಪನ ಪರೀಕ್ಷೆ ಇನ್ನೂ ಮುಗ್ದಿಲ್ಲ."

ಡಾಕ್ಟರಮ್ಮನ ಕಣ್ಣು ನನ್ನ ಹೊಟ್ಟೆಯ ಮೇಲೆ ಇಳಿಯಿತು. "ಇವರಿಗೆಷ್ಟು ತಿಂಗಳು?"

ಅವಮಾನದಿಂದ ಕುದಿಯುತ್ತಾ ಕಾರ್ಯಾಗಾರಕ್ಕೆ ಬಂದೆ. ಪರೀಕ್ಷೆಯನ್ನು ಈ ಕ್ಷಣವೇ ಮುಗಿಸಿಬಿಡುವ ಆವೇಶದಲ್ಲಿ ಕೊನೆಯ ಅಕ್ರೋಟನ್ನು ಚಿಪ್ಪಿನ ಸಮೇತ ಕಚ್ಚಿದೆ. ಕಟಕ್! ಯುದ್ಧದಲ್ಲಿ ಅಕ್ರೋಟು ಗೆದ್ದಿತು. ನನ್ನ ಮುಂದಿನ ಹಲ್ಲು ವೀರಸ್ವರ್ಗ ಸೇರಿತು.

ಮರುದಿನ ಮಗಳು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಅಳತೆಗೆಂದು ಬಾಯಿ ತುಂಬ ಅಚ್ಚಿನ ಹಿಟ್ಟು ತುಂಬಿದಳು.

"ಗಟ್ಟಿಯಾಗೋವರೆಗೂ ಮಾತಾಡೋ ಹಾಗಿಲ್ಲ."

ಅವಳಮ್ಮ ಒಡೆದು ಡಬ್ಬಿಯಲ್ಲಿ ಕೊಟ್ಟಿದ್ದ ಅಕ್ರೋಟನ್ನು ಮಗಳು ಎದುರೇ ಕೂತು ತಿಂದಳು. ಒಂದು, ಎರಡು, ಮೂರು. ಆಮೇಲೆ ನನ್ನ ಡ್ರಾಯರಿನಿಂದ ಜಪ್ತಿಯಲ್ಲಿ ಉಳಿದಿದ್ದ ಚಿಪ್ಸ್ ಪೊಟ್ಟಣ ತೆಗೆದು, ಒಂದೇ ಒಂದನ್ನು ಆರಿಸಿ, ನನ್ನ ಕಿವಿಯ ಪಕ್ಕದಲ್ಲಿ ಕರುಮ್ಮೆಂದು ಕಡಿದಳು.

"ಉಂ! ಉಂ!" ಎಂದು ಗರ್ಜಿಸಿದೆ.

ಅವಳು ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಎರಡು ಕೈಯೂ ಹೊಟ್ಟೆಯ ಮೇಲಿದ್ದದ್ದರಿಂದ ಬಾಯಿಗೆ ಅಡ್ಡ ಹಿಡಿಯಲು ಮರೆತೇಹೋಯಿತು. ಆ ನಗುವನ್ನು ನಾನು ಪೂರ್ತಿಯಾಗಿ ನೋಡಿದ್ದು ಅಂದೇ. ಅದೇ ಹಲ್ಲು ಮೊಮ್ಮಗುವಿಗೆ ಬಂದರೂ ಬರಲಿ ಎನ್ನಿಸಿತು. ಹೇಳೋಣವೆಂದರೆ ಬಾಯಿ ತುಂಬ ಹಿಟ್ಟು.

ಅಚ್ಚು ಕಳಚಿ, ಬೆಳಕಿಗೆ ಹಿಡಿದು ನೋಡಿ, ನನ್ನ ಮಗಳು ತೀರ್ಪು ಕೊಟ್ಟಳು:

"ಮೊದಲು ಮೇಣದಲ್ಲಿ ಕೂರಿಸಿ ನೋಡ್ಬೇಕಲ್ಲಪ್ಪಾ, ಕಸುಬಿನ ಧರ್ಮ. ಮೂರು ವಾರ ಆಗುತ್ತೆ. ಅಲ್ಲೀವರೆಗೂ ಗಂಜಿ ಕುಡಿ."