ಮೂರು ವಿದ್ಯೆಗಳ ತೌಲನಿಕ ಅಧ್ಯಯನ

ಹದಿನಾರು ತುಂಬುವುದರೊಳಗೆ ಕರಾಟೆ, ಜೂಡೋ, ಟೇಕ್ವಾಂಡೊ ಮೂರನ್ನೂ ಅರೆದು ಕುಡಿದವಳು ಇಡೀ ಊರಿಗೆ ತಾನೊಬ್ಬಳೇ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಅರೆದದ್ದು ತಲಾ ಮೂರು ತಿಂಗಳು ಮಾತ್ರ, ಕುಡಿಯುವ ಹಂತಕ್ಕೆ ಯಾವುದೂ ಬಂದಿರಲಿಲ್ಲ ಎಂಬುದು ಬೇರೆ ಮಾತು. "ನಾನು ಎಲ್ಲರ ಹಾಗೆ ಕಲಿಯೋಕೆ ಹೋಗ್ತಿಲ್ಲ, ಹೋಲಿಸಿ ನೋಡೋಕೆ ಹೋಗ್ತಿದೀನಿ" ಎನ್ನುತ್ತಿದ್ದಳು. ಹಾಗಾಗಿ ಮನೆಯಲ್ಲಿ ಅವಳಿಗೆ ಪಂಡಿತೆ ಎಂಬ ಹೆಸರು ಖಾಯಂ ಆಗಿತ್ತು.

ಪಂಡಿತೆ ಎಂದಮೇಲೆ ಗ್ರಂಥ ಬೇಡವೇ? ಇತ್ತು! ಇನ್ನೂರು ಪುಟದ ನೋಟ್‌ಬುಕ್. 'ಕರಾಟೆ: ನಿಲುವು ಚೆನ್ನ, ಕಿರುಚಾಟ ಅತಿ. ಜೂಡೋ: ಮೊದಲೆರಡು ತಿಂಗಳು ಬೀಳುವುದನ್ನೇ ಕಲಿಸುತ್ತಾರೆ, ಅದು ನನಗೆ ಹುಟ್ಟಿನಿಂದಲೇ ಬರುತ್ತದೆ. ಉಡುಪು ದಪ್ಪ, ಒಗೆದರೆ ಒಣಗಲು ಎರಡು ದಿನ. ಟೇಕ್ವಾಂಡೊ: ದುಡಿಯುವುದೆಲ್ಲ ಕಾಲು, ಕೈಗಳು ಕೂತು ಉಣ್ಣುತ್ತವೆ.' ಇಷ್ಟು ಆಳವಾದ ಅಧ್ಯಯನದ ನಂತರ ಅವಳು ಒಂದು ತೀರ್ಮಾನಕ್ಕೆ ಬಂದಿದ್ದಳು. ಈ ಮೂರರಲ್ಲೂ ಕೊರತೆ ಇದೆ; ಪರಿಪೂರ್ಣವಾದದ್ದು ಕುಂಗ್‌ಫು ಒಂದೇ. ಭಾನುವಾರ ಬೆಳಿಗ್ಗೆ ಮನೆಮಂದಿಯ ಎದುರು ಇದನ್ನು ಸಾಧಿಸಿ ತೋರಿಸಿ, ಸೇರುವ ಅರ್ಜಿಗೆ ಅಪ್ಪನ ಸಹಿ ಹಾಕಿಸಿಕೊಂಡೇ ತೀರುತ್ತೇನೆ ಎಂದು ಪಣ ತೊಟ್ಟಳು.

ಕುಂಗ್‌ಫು ತರಗತಿ ಶುರುವಾಗುವುದು ಸೋಮವಾರ. ಟೇಕ್ವಾಂಡೊದಲ್ಲಿ ಅವಳು ಎದುರಾಳಿಯೊಬ್ಬಳ ಜೊತೆ ಮೊದಲ ಬಾರಿಗೆ ನಿಜವಾಗಿ ಹೊಡೆದಾಡಬೇಕಾಗಿದ್ದ ಪಂದ್ಯ ಅದೇ ವಾರದ ಶನಿವಾರ. ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ ಎಂದು, ಯಾರೂ ಕೇಳದಿದ್ದರೂ, ಅವಳು ನಾಲ್ಕು ಸಲ ಹೇಳಿದ್ದಳು.

ಅಪ್ಪನ ಕಸುಬು ಫೋಟೊಗಳಿಗೆ ಕಟ್ಟು ಹಾಕುವುದು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಅಂಗಡಿಯ ಒಂದು ಗೋಡೆಗೆ ಹತ್ತಡಿ ಉದ್ದದ ಮರದ ಪಟ್ಟಿಗಳು ಸಾಲಾಗಿ ನಿಂತಿರುತ್ತಿದ್ದವು. ಅವತ್ತು ಪಕ್ಕದಲ್ಲೇ, ಕ್ಷೌರದಂಗಡಿಯವರು ಹೇಳಿ ಮಾಡಿಸಿದ ಆಳೆತ್ತರದ ಕನ್ನಡಿ ಹೊಸ ಚೌಕಟ್ಟಿನೊಂದಿಗೆ ಗೋಡೆಗೆ ಒರಗಿತ್ತು.

"ಪ್ರದರ್ಶನ ಒಳಗಿಟ್ಕೋ. ಇಲ್ಲಿ ಗಾಜಿದೆ," ಎಂದರು ಅಪ್ಪ.

"ಒಳಗೆ ಜಾಗ ಇಲ್ಲಪ್ಪ. ಮಂಚಕ್ಕೆ ಕಾಲು ತಗುಲತ್ತೆ."

"ಮಂಚ ಒಡೆಯಲ್ಲ ಕಣಮ್ಮ!"

"ಅಪ್ಪ, ನಿಯಂತ್ರಣ ಅನ್ನೋದೇ ಈ ವಿದ್ಯೆಗಳ ಜೀವಾಳ," ಎಂದು ಪಂಡಿತೆ ಕಣ್ಣು ಅರೆಮುಚ್ಚಿ ಹೇಳಿದಳು. ಆ ಗಾಂಭೀರ್ಯಕ್ಕೆ ಸೋತು ಅಪ್ಪ ಮೇಜನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟರು.

ಎದುರಾಳಿಯಾಗಿ ಸಿಕ್ಕಿದವನು ಲಿಫ್ಟ್ ರಿಪೇರಿ ಮಾಡುವ ಸೋದರಮಾವ. ರಜೆಯ ದಿನ ಅಕ್ಕನ ಮನೆಯಲ್ಲಿ ಕಾಫಿ ಕುಡಿಯಲು ಬಂದವನು ಲೋಟ ಕೆಳಗಿಟ್ಟು ಎದ್ದು ನಿಂತ. "ನನ್ನ ಕೇಳಿದ್ರೆ ಓಡೋದೇ ಎಲ್ಲಕ್ಕಿಂತ ದೊಡ್ಡ ವಿದ್ಯೆ. ಉಡುಪೂ ಬೇಡ, ಗುರುವೂ ಬೇಡ. ಇರಲಿ, ಶುರು ಮಾಡು."

ಮೊದಲು ಕರಾಟೆ. ಅವಳು ಕಿಟಕಿ ನಡುಗುವಂತೆ ಕಿರುಚಿ ಮುಷ್ಟಿ ಬೀಸಿದಳು. ಮುಷ್ಟಿ ಮಾವನ ಮೂಗಿನಿಂದ ಒಂದು ಅಂಗುಲ ದೂರದಲ್ಲಿ ನಿಂತಿತು.

"ತಾಗ್ಲೇ ಇಲ್ವಲ್ಲೇ?"

"ತಾಗಿಸದೆ ಇರೋದೇ ಇದರ ಕಲೆ, ಮಾವ."

"ಹಾಗಾದ್ರೆ ಮನೆಗೆಲಸದಲ್ಲಿ ನಾನು ಎಷ್ಟೋ ವರ್ಷದಿಂದ ಕರಾಟೆ ಮಾಡ್ತಿದೀನಿ!"

ನಂತರ ಜೂಡೋ. ಮಾವನ ಅಂಗಿಯ ಕೊರಳುಪಟ್ಟಿ ಹಿಡಿದು ಸೊಂಟ ತಿರುಗಿಸಿದಳು. ಗುಂಡಿಗಳೆರಡು ಕಿತ್ತು ಬಂದವು. ಮಾವ ಮಾತ್ರ ನಿಂತಲ್ಲೇ ಇದ್ದ. "ನೋಡಿದ್ರಾ? ಇದೇ ಜೂಡೋದ ಕೊರತೆ. ಎದುರಾಳಿ ದಪ್ಪ ಇದ್ರೆ ನಡೆಯಲ್ಲ," ಎಂದು ಅವಳು ಷರಾ ಬರೆದಳು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಮಾವ ಗುಂಡಿ ಹುಡುಕಲು ಬಗ್ಗಿದ.

ಅವನು ಬಗ್ಗಿದ್ದೇ ತಪ್ಪಾಯಿತು. ಟೇಕ್ವಾಂಡೊದ ತಿರುಗೊದೆತಕ್ಕೆ ಅವಳು ಆಗಲೇ ಒಂದು ಕಾಲಿನ ಮೇಲೆ ಗಿರ್ರನೆ ತಿರುಗಿಯಾಗಿತ್ತು. ಎದೆಯ ಮಟ್ಟಕ್ಕೆ ಹೋದ ಕಾಲಿಗೆ ಅಲ್ಲಿ ಎದೆಯೇ ಇರಲಿಲ್ಲ! ಅದು ಮುಂದುವರಿದು ಪಟ್ಟಿಗಳ ಸಾಲಿಗೆ ಬಡಿಯಿತು. ಒಂದು ಪಟ್ಟಿ ಪಕ್ಕದ್ದನ್ನು ತಳ್ಳಿತು, ಅದು ಅದರ ಪಕ್ಕದ್ದನ್ನು. ನಲವತ್ತೆರಡು ಪಟ್ಟಿಗಳು ಒಟ್ಟಾಗಿ, ನಿಧಾನವಾಗಿ, ಕನ್ನಡಿಯ ಕಡೆಗೆ ವಾಲತೊಡಗಿದವು.

ಮುಂದಿನದು ಕಣ್ಣು ಮಿಟುಕಿಸುವುದರೊಳಗೆ ನಡೆಯಿತು. ಅಪ್ಪ ಹಾರಿ ಬಂದು ಪಟ್ಟಿಗಳಿಗೆ ಬೆನ್ನು ಕೊಟ್ಟರು. ಮಾವ ಬಗ್ಗಿದ್ದಲ್ಲಿಂದಲೇ ಹೆಗಲು ಕೊಟ್ಟ. ಪರದೆಯ ಹಿಂದೆ ತರಕಾರಿ ಹೆಚ್ಚುತ್ತಿದ್ದ ಅಮ್ಮ ಓಡಿ ಬಂದು ಕನ್ನಡಿಯನ್ನು ತಬ್ಬಿಕೊಂಡರು. ಹುಟ್ಟಿದಾರಭ್ಯ ಯಾವ ವಿದ್ಯೆಯನ್ನೂ ಕಲಿಯದ ಮೂವರು ಹೀಗೆ ಅಪಾಯದ ಬಾಯಿಗೆ ನುಗ್ಗಿದಾಗ ಮೂರು ವಿದ್ಯೆಗಳ ಪಂಡಿತೆ ಎಲ್ಲಿದ್ದಳು? ಪರದೆಯ ಆಚೆ, ಮುಖಕ್ಕೆ ಎರಡೂ ಕೈ ಅಡ್ಡ ಹಿಡಿದು, ಕಣ್ಣು ಮುಚ್ಚಿ ನಿಂತಿದ್ದಳು.

ಗಾಜು ಒಡೆದ ಸದ್ದು ಬರಲಿಲ್ಲ. ಬಂದದ್ದು ಅಪ್ಪನ ದನಿ. "ಪಂಡಿತರೇ, ಬಿಡುವಿದ್ರೆ ಸ್ವಲ್ಪ ಈಚೆ ಬರ್ತೀರಾ? ನಾವು ಮೂವರೂ ಅಲ್ಲಾಡೋ ಹಾಗಿಲ್ಲ."

ನಿಜ. ಪಟ್ಟಿಗಳು ಒಂದಕ್ಕೊಂದು ಸಿಕ್ಕಿಕೊಂಡಿದ್ದವು. ಒಬ್ಬರು ಮಿಸುಕಿದರೂ ಕನ್ನಡಿ ನುಚ್ಚುನೂರು. ಅವಳೇ ಒಂದೊಂದಾಗಿ ಎಳೆದು ತೆಗೆಯಬೇಕಿತ್ತು.

ಐದು ತೆಗೆದಳು, ಹತ್ತು ತೆಗೆದಳು. ಮೂವರು ಹಿರಿಯರು ಕಲ್ಲಿನ ವಿಗ್ರಹಗಳಂತೆ ನಿಂತಿದ್ದರು. ಕೆಲಸವಿಲ್ಲದೆ ನಿಲ್ಲಿಸಿದರೆ ಹಿರಿಯರು ಮಾತು ತೆಗೆಯದೆ ಇರುತ್ತಾರೆಯೇ?

"ಕರಾಟೆ ಯಾಕೆ ಬಿಟ್ಟೆ?" ಅಮ್ಮ ಕನ್ನಡಿಗೆ ಕೆನ್ನೆ ಒತ್ತಿಕೊಂಡೇ ಕೇಳಿದರು.

"ಕಿರುಚಾಟ ಜಾಸ್ತಿ ಅಂತ."

"ಜೂಡೋ?"

"ಹೇಳಿದ್ನಲ್ಲಮ್ಮ, ಆ ಉಡುಪು..."

ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಇಪ್ಪತ್ತು ವರ್ಷಗಳಿಂದ ಜನರ ತೋಳಿಗೆ ಸೂಜಿ ಚುಚ್ಚುತ್ತಿದ್ದವರು. "ನನ್ನ ಹತ್ರ ಎಷ್ಟೋ ಜನ ಬರ್ತಾರೆ," ಎಂದರು. "ಯಾವ ಸೂಜಿ, ಎಷ್ಟು ತೆಳುವು, ಎಡಗೈಗೆ ಒಳ್ಳೇದಾ ಬಲಗೈಗಾ ಅಂತ ಅರ್ಧ ಗಂಟೆ ವಿಚಾರಿಸ್ತಾರೆ. ಅವರಿಗೇನು ಸೂಜಿ ಮೇಲೆ ಆಸಕ್ತಿ ಅಂತೀಯಾ?"

ಪಂಡಿತೆಯ ಕೈಯಲ್ಲಿ ಹತ್ತೊಂಬತ್ತನೆಯ ಪಟ್ಟಿ ಇತ್ತು. ಅದನ್ನು ಇಡುವುದು ಮರೆತು ಹಾಗೇ ಹಿಡಿದು ನಿಂತಳು.

"ಮೂರನೇ ತಿಂಗಳು ಪಂದ್ಯ ಬರತ್ತೆ. ನೀನು ಅದರ ಹಿಂದಿನ ವಾರ ಬಿಡ್ತೀಯ. ಎರಡು ಸಲನೂ ಹಾಗೇ ಆಯ್ತು."

ಅವಳಿಗೆ ಸಿಟ್ಟು ಬರಲಿಲ್ಲ. ಒಂಬತ್ತು ತಿಂಗಳಿಂದ ತನಗೇ ಗೊತ್ತಾಗದ ಹಾಗೆ ಬಚ್ಚಿಟ್ಟುಕೊಂಡದ್ದನ್ನು ಯಾರೋ ಮೆಲ್ಲಗೆ ತೆಗೆದು ಮೇಜಿನ ಮೇಲೆ ಇಟ್ಟಂತಾಯಿತು. ನಾಚಿಕೆಯಾಯಿತು, ಒಂದು ಬಗೆಯ ನಿರಾಳವೂ ಆಯಿತು.

"ಭಯ ಆಗತ್ತಮ್ಮ," ಎಂದಳು. "ಒಬ್ಬಳೇ ಒದೀವಾಗ ಚೆನ್ನಾಗಿರತ್ತೆ. ಎದುರಿಗೆ ಇರೋಳು ನನ್ನೇ ನೋಡ್ತಾ ಒದ್ಯೋಕೆ ಬರ್ತಾಳಲ್ಲ, ಅದನ್ನ ನೆನೆಸ್ಕೊಂಡ್ರೆ ಅಲ್ಲಿಂದ ಓಡಿಹೋಗೋಣ ಅನ್ಸತ್ತೆ."

ಅಪ್ಪ ಬೆನ್ನು ಅಲ್ಲಾಡಿಸದೆ ಮಾತಾಡಿದರು. "ಗಾಜು ಕೊಯ್ಯೋದು ಕಲೀವಾಗ ನಂಗೂ ಹಾಗೇ ಆಗ್ತಿತ್ತು. ಒಂದಿನ ಕೈ ಕುಯ್ತು. ಆಮೇಲೂ ಭಯ ಹೋಗಿಲ್ಲ, ಸುಳ್ಳು ಹೇಳಲ್ಲ. ಆದ್ರೆ ಎಷ್ಟು ಹೆದರ್ಬೇಕೋ ಅಷ್ಟೇ ಹೆದರ್ತೀನಿ. ಮೊದ್ಲು ಅಳತೆ ಗೊತ್ತಿರ್ಲಿಲ್ಲ."

"ಭಾವ, ತತ್ವ ಆಮೇಲೆ ಹೇಳಿ. ನನ್ನ ಹೆಗಲು ಬಿದ್ದುಹೋಗ್ತಿದೆ!" ಎಂದು ಮಾವ ನರಳಿದ. ಅವಳು ಉಳಿದ ಇಪ್ಪತ್ತಮೂರನ್ನು ಸರಸರನೆ ತೆಗೆದಳು. ಕನ್ನಡಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಅಪ್ಪ ಬೆನ್ನು ನೀವಿಕೊಳ್ಳುತ್ತ ಮೇಜಿನ ಹತ್ತಿರ ಹೋಗಿ, ಕುಂಗ್‌ಫು ಅರ್ಜಿ ಹುಡುಕಿ, ಸಹಿ ಹಾಕಿ ಅವಳ ಕೈಗೆ ಕೊಟ್ಟರು. "ತಗೋ. ಸೇರೋದಾದ್ರೆ ಸೇರು. ಆದ್ರೆ ಶನಿವಾರ ಆದ್ಮೇಲೆ." ಬೈದಿದ್ದರೆ ಎದುರು ವಾದಿಸಬಹುದಿತ್ತು. ಸಹಿ ಹಾಕಿಬಿಟ್ಟರೆ ಮಕ್ಕಳು ಏನು ತಾನೇ ಮಾಡಿಯಾರು?

ಶನಿವಾರ ಬಂದೇ ಬಂತು. ಅವಳ ಎದುರಾಳಿ ಹದಿನಾಲ್ಕರ ಒಬ್ಬ ಸಣಕಲಿ, ಅವಳ ಭುಜದಷ್ಟು ಎತ್ತರ. ಎದೆಕವಚ ಮೊಣಕಾಲಿನವರೆಗೆ ಇಳಿದಿತ್ತು. ಆ ಹುಡುಗಿಯನ್ನು ಕಂಡು ಪಂಡಿತೆಯ ಮನಸ್ಸು ಕೊಂಚ ತಣ್ಣಗಾಯಿತು. ಆ ತಂಪು ಉಳಿದದ್ದು ಸರಿಯಾಗಿ ನಾಲ್ಕು ಸೆಕೆಂಡು! ಐದನೆಯದರಲ್ಲಿ ಪಕ್ಕೆಗೆ ಒದೆತ ಬಿತ್ತು. ಪಂಡಿತೆ ಚಾಪೆಯ ಮೇಲೆ ಕೂತಿದ್ದಳು. ನೋವಾಯಿತು, ಚೆನ್ನಾಗಿಯೇ ಆಯಿತು. ಎದ್ದಳು. ಮತ್ತೆ ಬಿತ್ತು, ಮತ್ತೆ ಎದ್ದಳು. ನಾಲ್ಕನೆಯ ಸಲ ಏಳುವಾಗ, ತಾನು ಕಣ್ಣು ಬಿಟ್ಟುಕೊಂಡೇ ಇದ್ದೇನೆ ಎಂಬುದು ಅವಳ ಗಮನಕ್ಕೆ ಬಂತು. ಕೊನೆಗೆ ಎದುರಾಳಿಯ ಹದಿನಾಲ್ಕು ಅಂಕಕ್ಕೆ ಒಂದೇ ಒಂದು ಅಂಕ ಗಳಿಸಿ ಸೋತಳು. ಆ ಒಂದು ಕೂಡ ಬಂದದ್ದು, ಇಷ್ಟು ದಿನ ಕೂತು ಉಣ್ಣುತ್ತವೆ ಎಂದು ಅವಳು ಬರೆದಿದ್ದ ಕೈಗಳಿಂದ.

ಅಮ್ಮ ಪಕ್ಕೆಗೆ ಐಸ್ ಹಿಡಿದು ಕೂತಿದ್ದರು. ಗೆದ್ದ ಸಣಕಲಿ ಶಿರಸ್ತ್ರಾಣ ಕಂಕುಳಲ್ಲಿ ಇರುಕಿಕೊಂಡು ಹತ್ತಿರ ಬಂದಳು.

"ಅಕ್ಕಾ, ನೀವು ಎಲ್ಲಾ ಕಡೆ ಹೋಗಿ ನೋಡಿದ್ದೀರಂತೆ, ಸರ್ ಹೇಳಿದ್ರು. ಒಂದು ಕೇಳ್ಲಾ?"

ಪಂಡಿತೆ ನೆಟ್ಟಗೆ ಕೂತಳು. ಕೊನೆಗೂ ಅವಳ ಅಧ್ಯಯನಕ್ಕೆ ಒಬ್ಬ ಶಿಷ್ಯೆ ಸಿಕ್ಕಿದ್ದಳು! "ಕೇಳಮ್ಮ."

ಹುಡುಗಿ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ನಾನು ಕರಾಟೇಲಿದ್ದೆ. ಅಲ್ಲಿ ಪಂದ್ಯ ಆಡಿಸ್ತಾರೆ ಅಂತ ಹೆದರಿ ಬಿಟ್ಟು ಇಲ್ಲಿಗೆ ಬಂದೆ. ಇಲ್ಲೂ ಆಡಿಸಿಬಿಟ್ರು. ನಿನ್ನೆಯಿಂದ ಊಟನೇ ಸೇರಿಲ್ಲ. ಜೂಡೋದಲ್ಲಿ ಇದೆಲ್ಲಾ ಇರಲ್ಲ, ಅಲ್ವಾಕ್ಕಾ?"

ಪಂಡಿತೆ ಅಮ್ಮನ ಮುಖ ನೋಡಿದಳು. ಅಮ್ಮ ಐಸ್ ಚೀಲವನ್ನು ಬಹಳ ಗಮನವಿಟ್ಟು ಮಡಿಸುತ್ತಿದ್ದರು. ಒಂಬತ್ತು ತಿಂಗಳ ಸಂಶೋಧನೆ, ಇನ್ನೂರು ಪುಟದ ಗ್ರಂಥ, ಎಲ್ಲವನ್ನೂ ಒಟ್ಟುಗೂಡಿಸಿ ಅವಳು ಉತ್ತರ ಕೊಟ್ಟಳು.

"ಇರತ್ತೆ ಕಣೇ. ನಾನು ಹೋಗಿ ನೋಡ್ಕೊಂಡು, ಓಡಿ ಬಂದಿದೀನಿ."